ಕರದಂಟಿನ ಊರಿಗೆ ಕರಡಿಯ ಸುದ್ದಿ

ಗೋಕಾಕದವರಿಗೆ ಕರದಂಟು ಗೊತ್ತು, ಕರಡಿ ಗೊತ್ತಿಲ್ಲ. ಜಾತ್ರೆ, ಮದುವೆ ಮೆರವಣಿಗೆಯೊಳಗೆ ಕರಡಿ ಮಜಲು ಕೇಳಿರುತ್ತಾರೆ. ಆದರೆ ಅದು ಬಾರಿಸುವ ಕರಡಿ, ಬೆನ್ನು ಹತ್ತುವ ಕರಡಿಯಲ್ಲ. ವಯಸ್ಸಾದವರಿಗೆ ಇನ್ನೊಂದು ಕರಡಿಯ ನೆನಪಿದ್ದೀತು. ಮೂಗಿಗೆ ಹಗ್ಗ ಪೋಣಿಸಿಕೊಂಡು ಸಂತೆಯೊಳಗೆ ಕುಣಿಯುತ್ತಿದ್ದ ಬಡಪಾಯಿ ಕರಡಿ. ಅದರ ಕೂದಲಿನ ತಾಯತ ಕಟ್ಟಿದರೆ ಕೂಸಿನ ಅಂಜಿಕೆ ಹೋಗುತ್ತದೆಂದು ದುಡ್ಡು ಕೊಟ್ಟವರು ಕಡಿಮೆಯಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಎಷ್ಟೋ ವರ್ಷ ನಡೆದ ಆ ಆಟ 2009ರ ಡಿಸೆಂಬರದಲ್ಲಿ ಮುಗಿಯಿತು. ದೇಶದ ಕಡೇ ಕುಣಿತದ ಕರಡಿ ಎನಿಸಿಕೊಂಡ ರಾಜು ಬನ್ನೇರುಘಟ್ಟ ಸೇರಿತು.

ಆದರೆ ಇದೇ ಜಿಲ್ಲೆಯ ಖಾನಾಪುರದ ಕಾಡಂಚಿನವರಿಗೆ ಕರಡಿ ಎಂದರೆ ಆಟವೂ ಅಲ್ಲ, ನೆನಪೂ ಅಲ್ಲ. ಹಿತ್ತಲ ದಾಟಿದರೆ ಎದುರಾಗುವ ಸಂಗತಿ. ಗೋಕಾಕ, ಹುಕ್ಕೇರಿಯಿಂದ ಬೆಳಗಾವಿಗೊಂದು ಬಸ್ಸು, ಅಲ್ಲಿಂದ ಖಾನಾಪುರಕ್ಕೆ ಇನ್ನೊಂದು. ಆಮೇಲೆ ಭೀಮಗಡದ ಅಡವಿ. 2011ರಲ್ಲಿ ಅಭಯಾರಣ್ಯವೆಂದು ಸಾರಿದ ಈ 190 ಚದರ ಕಿಲೋಮೀಟರ್ ಕಾಡಿನ ಒಳಗೇ ಗವಾಳಿ, ಪಾಸ್ತೊಳಿ, ಕೊಂಗಳಾ, ಅಮಗಾಂವದಂಥ ಹಳ್ಳಿಗಳಿವೆ. ಹೊಲಕ್ಕೆ ಹೋಗುವವರು, ದನ ಹೊಡೆದುಕೊಂಡು ಹೋಗುವವರು, ಗೇರು ಆರಿಸುವವರು, ನಸುಕಿನಲ್ಲಿ ಚೆರಗಿ ಹಿಡಿದು ಹೊರಟವರು ಕರಡಿಯ ಕೈಗೆ ಸಿಕ್ಕ ಸುದ್ದಿ ಖಾನಾಪುರ ಕಡೆಯಿಂದ ಮೇಲಿಂದ ಮೇಲೆ ಬರುತ್ತಲೇ ಇರುತ್ತದೆ.

ಕರಡಿ ಮನುಷ್ಯನನ್ನು ತಿನ್ನಲು ಬರುವುದಿಲ್ಲ. ಅದರ ಊಟ ಗೆದ್ದಲು, ಇರುವೆ, ಜೇನು, ನೇರಳೆ, ಬಾರಿ ಹಣ್ಣು. ಮೇಲ್ದವಡೆಯ ನಡುವಿನ ಎರಡು ಹಲ್ಲು ಅದಕ್ಕೆ ಇರುವುದೇ ಇಲ್ಲ. ಹುತ್ತ ಕೆದರಿ, ಆ ಸಂದಿಯಿಂದ ಗೆದ್ದಲನ್ನು ಸೊರ್ರೆಂದು ಹೀರುತ್ತದೆ. ಹೀರುವ ಸಪ್ಪಳ ದೂರಕ್ಕೆ ಕೇಳುತ್ತದೆ. ಮೂಗು ಬಲು ಚುರುಕು, ಕಣ್ಣು ಮಂದ. ತಿನ್ನುವುದರಲ್ಲಿ ಮುಳುಗಿದ್ದಾಗ ಮನುಷ್ಯ ಹತ್ತಿರ ಬಂದದ್ದೇ ಗೊತ್ತಾಗುವುದಿಲ್ಲ. ಗೊತ್ತಾದಾಗ ಹತ್ತು ಮಾರು ದೂರವೂ ಉಳಿದಿರುವುದಿಲ್ಲ. ಆಗ ಓಡಿ ಹೋಗುವ ಬದಲು ಮೈಮೇಲೆ ಬೀಳುತ್ತದೆ. ಬೆನ್ನ ಮೇಲೆ ಮರಿಗಳನ್ನು ಹೊತ್ತ ತಾಯಿಯಾದರಂತೂ ಕೇಳುವುದೇ ಬೇಡ. ಹುತ್ತ ಅಗಿಯುವ ಆ ಉದ್ದುದ್ದ ಉಗುರು ಮೊದಲು ತಾಗುವುದು ಮುಖಕ್ಕೆ, ತಲೆಗೆ. ಜೀವ ಉಳಿದರೂ ಕಣ್ಣು ಹೋದವರು, ಮೋರೆ ಹರಿದವರು ಇದ್ದಾರೆ. ಇಂಥವನು ಆಮೇಲೆ ಹೊಲಕ್ಕೆ ಹೋಗುವುದು ಹ್ಯಾಂಗ, ಸಂತೆಯೊಳಗೆ ಕೂಡುವುದು ಹ್ಯಾಂಗ?

ಶಾಲೆಯ ಪುಸ್ತಕದ ಕಥೆಯೊಂದು ಎಲ್ಲರಿಗೂ ಬಾಯಿಪಾಠ: ಒಬ್ಬ ಗೆಳೆಯ ಗಿಡ ಹತ್ತಿ ಪಾರಾದ, ಇನ್ನೊಬ್ಬ ಸತ್ತಂತೆ ಮಲಗಿ ಉಳಿದ. ಗಿಡ ಹತ್ತುವ ಯುಕ್ತಿಯನ್ನು ನಂಬುವಂತಿಲ್ಲ. ಜೇನಿಗಾಗಿ ಗಿಡ ಹತ್ತುವುದರಲ್ಲಿ ನಮ್ಮ ಕಡೆಯ ಕರಡಿ ಮನುಷ್ಯನಿಗಿಂತ ಗಟ್ಟಿ.

ಗಾಯಕ್ಕಿಂತ ದೊಡ್ಡ ಸಂಕಟ ದಾರಿಯದು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಈ ಊರುಗಳಿಗೆ ಗಾಡಿ ಹೋಗುವುದಿಲ್ಲ. 2024ರ ಮಳೆಗಾಲದಲ್ಲಿ ಅಮಗಾಂವದಿಂದ ರೋಗಿಯನ್ನು ಹೆಗಲ ಮೇಲೆ ಹೊತ್ತು ಕಿಲೋಮೀಟರುಗಟ್ಟಲೆ ನಡೆದದ್ದು ರಾಜ್ಯದ ತುಂಬ ಸುದ್ದಿಯಾಯಿತು. ರಸ್ತೆ ಮಾಡೋಣವೆಂದರೆ ಅಭಯಾರಣ್ಯದ ಕಾನೂನು. ಮಾಡದಿದ್ದರೆ ಹೆಗಲೇ ಗತಿ. ಬೇಸತ್ತ ತಳೇವಾಡಿಯ 27 ಕುಟುಂಬಗಳು ಕಾಡು ಬಿಡಲು ಒಪ್ಪಿದವು. 2025ರ ಮೇ ತಿಂಗಳಲ್ಲಿ ಕುಟುಂಬಕ್ಕೆ 15 ಲಕ್ಷದ ಪೈಕಿ 10 ಲಕ್ಷ ರೂಪಾಯಿಯ ಮೊದಲ ಕಂತು ಕೈಗೆ ಬಂತು. ಉಳಿದ ಊರುಗಳಲ್ಲಿ ಬಿಡುವೆ ಎನ್ನುವವರೂ ಇದ್ದಾರೆ, ಹಿರಿಯರ ಮಣ್ಣು ಬಿಡೆನೆನ್ನುವವರೂ ಇದ್ದಾರೆ. ಇಬ್ಬರದೂ ತಪ್ಪಲ್ಲ.

ಬಳ್ಳಾರಿ ಸೀಮೆಯದು ಬೇರೆ ಕಥೆ. ಅಲ್ಲಿ ದಟ್ಟ ಅಡವಿಯಿಲ್ಲ, ಬಂಡೆಗುಡ್ಡ, ಮುಳ್ಳುಕಂಟಿ. ನೋಡಲಿಕ್ಕೆ ಗೋಕಾಕದ ಗುಡ್ಡಗಳಂತೆಯೇ. ಹಂಪಿಯ ಹತ್ತಿರದ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾಯಿತು. ಬಂಡೆಗೆ ಬೆಲ್ಲದ ಪಾಕ ಬಳಿದು, ನೆಕ್ಕಲು ಬಂದ ಕರಡಿಯನ್ನು ಪ್ರವಾಸಿಗಳಿಗೆ ತೋರಿಸಿದ್ದೂ ಉಂಟು. ಬೆಲ್ಲದ ರುಚಿ ಅದಕ್ಕೂ ಗೊತ್ತು. ಗಾಣದ ಸೀಮೆಯಾದ ಮೂಡಲಗಿಯಲ್ಲಿ ಅದು ಇಲ್ಲದ್ದೇ ಪುಣ್ಯ! ಆ ಕಡೆ ರಾತ್ರಿ ಹೊತ್ತು ಗುಡಿಗೆ ನುಗ್ಗಿ ದೀಪದ ಎಣ್ಣೆ ಕುಡಿದು ಹೋಗುವ ಕರಡಿಗಳ ಸುದ್ದಿ ಆಗಾಗ ಬರುತ್ತದೆ. ಪೂಜಾರಿಗಳು ಬೆಳಿಗ್ಗೆ ಬಂದು ನೋಡಿದರೆ ಬಾಗಿಲು ಮುರಿದಿರುತ್ತದೆ, ಹುಂಡಿ ಮಾತ್ರ ಹಾಗೇ ಇರುತ್ತದೆ.

‘ಖಾನಾಪುರದ ಕರಡಿ ಕಟ್ಟಿಕೊಂಡು ನಮಗೇನಾಗಬೇಕ್ರಿ?’ ಎಂದು ಅಂಗಡಿ ಕಟ್ಟೆಯ ಮೇಲೆ ಕೂತವರು ಕೇಳಬಹುದು. 2022ರ ಆಗಸ್ಟ್ ನೆನಪಿಸಿಕೊಂಡರೆ ಸಾಕು. ಬೆಳಗಾವಿಯ ಜಾಧವನಗರದಲ್ಲಿ ಚಿರತೆಯೊಂದು ಹಾಡಹಗಲೇ ಕಾಣಿಸಿಕೊಂಡು ಕೂಲಿಯವನ ಮೇಲೆ ಬಿತ್ತು. ಗಾಲ್ಫ್ ಮೈದಾನ ಸೇರಿತು. 22 ಶಾಲೆ ಮುಚ್ಚಿದವು. ಸಕ್ರೆಬೈಲಿನಿಂದ ಆನೆ ತರಿಸಿದರು. ಚಿರತೆ ಸಿಗಲೇ ಇಲ್ಲ. ಅದೇ ತಿಂಗಳು ಮೂಡಲಗಿ ತಾಲೂಕಿನಲ್ಲೂ ಚಿರತೆ ಕಂಡಿತೆಂದು ಜನ ಕಬ್ಬಿನ ಹೊಲಕ್ಕೆ ಕಾಲಿಡಲು ಅಂಜಿದ್ದರು.

ಅಡವಿಯವರು ಕಲಿತ ಪಾಠ ಸಣ್ಣದು. ಒಬ್ಬರೇ ಹೋಗಬಾರದು. ಹೋದರೆ ಬಾಯಿ ಮುಚ್ಚಿಕೊಂಡು ಹೋಗಬಾರದು. ಮಾತಾಡುತ್ತ, ಕೆಮ್ಮುತ್ತ, ಬಡಿಗೆ ಕುಟ್ಟುತ್ತ ನಡೆಯಬೇಕು. ನಸುಕು, ಸಂಜೆ ಬ್ಯಾಟರಿ ಬೇಕೇ ಬೇಕು. ಮರಿ ಕಂಡರೆ ಹತ್ತಿರ ಹೋಗಿ ಮೊಬೈಲಿನಲ್ಲಿ ಚಿತ್ರ ತೆಗೆಯುವ ಶಾಣ್ಯಾತನ ಬೇಡ. ಮೈಮೇಲೆ ಬಿದ್ದೇ ಬಿಟ್ಟರೆ ಬೋರಲು ಮಲಗಿ, ಎರಡೂ ಕೈಯಿಂದ ಕುತ್ತಿಗೆ, ತಲೆ ಮುಚ್ಚಿಕೊಳ್ಳಬೇಕು. ಗಾಯ ಸಣ್ಣದಿದ್ದರೂ ಹುಚ್ಚುನಾಯಿ ಕಡಿದಾಗಿನ ಇಂಜೆಕ್ಷನ್ ತಪ್ಪಿಸಬಾರದು.

ಅರಣ್ಯ ಇಲಾಖೆಯ ಸಹಾಯವಾಣಿ 1926. ಕಾಡುಪ್ರಾಣಿಯಿಂದ ಸತ್ತವರ ಮನೆಯವರಿಗೆ ಕೊಡುವ ಪರಿಹಾರವನ್ನು ಸರಕಾರ 2022ರ ಕೊನೆಗೆ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು. ಗಾಯಗೊಂಡವರಿಗೂ ಪರಿಹಾರವುಂಟು. ದವಾಖಾನೆಯ ಒಂದು ಚೀಟಿಯನ್ನೂ ಕಳೆಯದೆ ಇಟ್ಟುಕೊಂಡು, ಕೂಡಲೇ ಹತ್ತಿರದ ಅರಣ್ಯ ಕಚೇರಿಗೆ ಅರ್ಜಿ ಕೊಡಬೇಕು.