ಐವತ್ತು ಕಿಲೋಮೀಟರ್ ಎಲ್ಲಿ ಕರಗುತ್ತದೆ?

ಚಿಗಟೇರಿ ಸುತ್ತಿನ ಹೊಲಗಳಿಂದ ಮೆಕ್ಕೆಜೋಳ ತುಂಬಿದ ಟ್ರೇಲರ್ ಹೊರಡುವುದನ್ನು ನೋಡಿದವರಿಗೆ ಈ ವಿಷಯ ಅರ್ಧ ಗೊತ್ತೇ ಇದೆ. ಹೊಸ ಡ್ರೈವರ್ ಜೋರಾಗಿ ರೇಸ್ ಕೊಟ್ಟು ಕ್ಲಚ್ ಥಟ್ಟನೆ ಬಿಟ್ಟರೆ ಇಂಜಿನ್ ಬಂದ್ ಆಗುತ್ತದೆ, ಇಲ್ಲವೇ ದೊಡ್ಡ ಗಾಲಿ ನಿಂತಲ್ಲೇ ತಿರುಗಿ ಗುಂಡಿ ತೋಡುತ್ತದೆ, ಅದೂ ಇಲ್ಲವೆಂದರೆ ಮುಂದಿನ ಗಾಲಿ ಮೇಲೇಳುತ್ತದೆ. ಪಳಗಿದವನು ಅದೇ ಟ್ರ್ಯಾಕ್ಟರನ್ನು ಅದೇ ಲೋಡಿನೊಂದಿಗೆ ಮೆತ್ತಗೆ ಕದಲಿಸುತ್ತಾನೆ. ಕಸುಬೆಲ್ಲ ಅವನ ಎಡಗಾಲಿನಲ್ಲಿದೆ.

ಅದೇ ಎಡಗಾಲನ್ನು ನೆಚ್ಚಿಕೊಂಡ ಪಂದ್ಯ ಡ್ರ್ಯಾಗ್ ರೇಸ್. ತಿರುವಿಲ್ಲದ ಹಾದಿ, ಅಕ್ಕಪಕ್ಕ ಎರಡು ಗಾಡಿ, ಕಾಲು ಮೈಲಿ ಅಂದರೆ 402 ಮೀಟರ್ ಓಟ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಆಟ ಇದು. 1951ರಲ್ಲಿ ವಾಲಿ ಪಾರ್ಕ್ಸ್ ರಾಷ್ಟ್ರೀಯ ಹಾಟ್ ರಾಡ್ ಸಂಘ ಕಟ್ಟಿ, ಊರ ರಸ್ತೆಯ ಮೇಲಿನ ಪೈಪೋಟಿಗೆ ನಿಯಮ ತಂದರು. ಮಧ್ಯಮ ಗಾತ್ರದ ಮೈಗೆ ಭಾರೀ ಇಂಜಿನ್ ಕೂರಿಸಿದ ‘ಮಸಲ್ ಕಾರು’ಗಳು ಬಂದದ್ದು ಆಮೇಲೆ. 1964ರ ಪಾಂಟಿಯಾಕ್ ಜಿಟಿಒದಲ್ಲಿ 6.4 ಲೀಟರಿನ ಎಂಟು ಸಿಲಿಂಡರ್ ಇಂಜಿನ್ ಇತ್ತು. ನಮ್ಮಲ್ಲಿ ಈ ಓಟ ಹೆಚ್ಚಾಗಿ ಬೈಕುಗಳದ್ದು. ಬೆಂಗಳೂರಿನ ಹೇಮಂತ್ ಮುದ್ದಪ್ಪ ಅದರಲ್ಲಿ ಹಲವು ಸಲ ರಾಷ್ಟ್ರೀಯ ಚಾಂಪಿಯನ್ ಆದವರು.

ಈಗ ಗಣಿತಕ್ಕೆ ಬರೋಣ. ಮಸಲ್ ಕಾರಿನ ಇಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುತ್ತಿದೆ, ಮೊದಲ ಗೇರ್ ಬಿದ್ದಿದೆ, ಕ್ಲಚ್ ಒತ್ತಿದೆ ಅನ್ನಿ. ಗೇರು ಮತ್ತು ಹಿಂದಿನ ಅಚ್ಚು ಸೇರಿ ಆ ವೇಗವನ್ನು ಹತ್ತರಲ್ಲೊಂದಕ್ಕೆ ಇಳಿಸಿದರೂ, ಆ ಸುತ್ತಿಗೆ ಗಾಲಿ ಗಂಟೆಗೆ ಸುಮಾರು 50 ಕಿ.ಮೀ. ಓಡಬೇಕು. ಆದರೆ ಕಾರು ನಿಂತಿದೆ. ಈ ಐವತ್ತು ಕಿಲೋಮೀಟರಿನ ಅಂತರ ಎಲ್ಲಾದರೂ ಕರಗಲೇಬೇಕು. ಕ್ಲಚ್ ಪ್ಲೇಟು ಜಾರಿ ಕರಗಿಸಬಹುದು, ಟೈರು ಜಾರಿ ಕರಗಿಸಬಹುದು. ಎರಡೂ ಜಾರದಿದ್ದರೆ ಇಂಜಿನ್ ಉಸಿರುಗಟ್ಟುತ್ತದೆ, ಇಲ್ಲವೇ ಎಕ್ಸೆಲ್ ಕಟ್ ಆಗುತ್ತದೆ. ಲಾಂಚ್ ಎಂದು ಕರೆಯುವ ವಿದ್ಯೆಯೆಲ್ಲ ಈ ಜಾರುವಿಕೆಯನ್ನು ಎರಡರ ನಡುವೆ ಹಂಚುವುದು, ಅಷ್ಟೇ.

ಟೈರಿನ ಪಾಲು ಹೆಚ್ಚಾದರೆ ಸೋಲು. ಡಾಂಬರಿನ ಮೇಲೆ ಟೈರು ಅಲ್ಪಸ್ವಲ್ಪ ಜಾರುತ್ತಿರುವಾಗಲೇ ಅದರ ಹಿಡಿತ ಅತಿ ಹೆಚ್ಚು; ಗರಗರ ತಿರುಗಲು ಶುರುವಾದರೆ ಹಿಡಿತ ಬಿದ್ದುಹೋಗುತ್ತದೆ. ಹೊಗೆ ನೋಡಿ ಜನ ಕೇಕೆ ಹಾಕಬಹುದು, ಕಾರು ಮಾತ್ರ ಮುಂದೆ ಹೋಗುತ್ತಿರುವುದಿಲ್ಲ. ಹಾಗಾಗಿ ಸಾಧಾರಣ ರಸ್ತೆ ಟೈರಿನ ಕಾರನ್ನು ಎರಡು ಮೂರು ಸಾವಿರ ಸುತ್ತಿಗೆ ಇಟ್ಟು, ಕ್ಲಚ್ ಹಿಡಿಯತೊಡಗುವ ಜಾಗದವರೆಗೆ ಪೆಡಲನ್ನು ಬೇಗ ಬಿಟ್ಟು, ಅಲ್ಲಿಂದ ಮುಂದೆ ಅಳೆದು ಬಿಡುತ್ತಾರೆ. ಆಕ್ಸಿಲರೇಟರ್ ಒತ್ತುವ ಬಲಗಾಲು ಆ ಎಡಗಾಲಿನ ಜೊತೆಗೇ ಏರಬೇಕು. ಪಂದ್ಯಕ್ಕೆಂದೇ ಮಾಡಿದ ನುಣುಪು ಟೈರಿದ್ದರೆ ಲೆಕ್ಕ ಬೇರೆ. ಅದರ ಪಕ್ಕದ ಗೋಡೆ ಬಟ್ಟೆಯಂತೆ ಸುಕ್ಕುಗಟ್ಟಿ ಹೊಡೆತವನ್ನು ಸ್ಪ್ರಿಂಗಿನಂತೆ ನುಂಗುತ್ತದೆ. ಅಂಥ ಟೈರನ್ನು ಮೊದಲು ನೀರಿನಲ್ಲಿ ನೆನೆಸಿ, ತಿರುಗಿಸಿ, ಕಾಯಿಸಿಕೊಂಡು ಓಟ ಶುರುವಾಗುವ ಗೆರೆಗೆ ಬಂದವರು ಐದಾರು ಸಾವಿರ ಸುತ್ತಿನಲ್ಲೂ ಕ್ಲಚ್ ಬಿಡುತ್ತಾರೆ. ಸುತ್ತು ಇಮ್ಮಡಿಯಾದರೆ ಇಂಜಿನ್ ಜೊತೆ ತಿರುಗುವ ಫ್ಲೈವೀಲ್ ಎಂಬ ಭಾರದ ಚಕ್ರದಲ್ಲಿ ಕೂಡಿದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆ ಹೊಡೆತ ತಾಳುವ ಎಕ್ಸೆಲ್ ಇಲ್ಲದವರು ಈ ಆಸೆಗೆ ಬೀಳಬಾರದು.

ಕ್ಲಚ್ಚಿಗೂ ಇದು ಅಗ್ಗದ ಕೆಲಸವಲ್ಲ. ಇಂಜಿನ್ ಸುತ್ತನ್ನು ಒಂದೇ ಮಟ್ಟದಲ್ಲಿಟ್ಟು ಜಾರಿಸಿದರೆ, ಕ್ಲಚ್ ಪೂರ್ತಿ ಹಿಡಿಯುವ ಹೊತ್ತಿಗೆ ಗಾಡಿಯ ಓಟಕ್ಕೆ ಎಷ್ಟು ಶಕ್ತಿ ಸೇರಿತೋ ಅಷ್ಟೇ ಶಕ್ತಿ ಪ್ಲೇಟಿನಲ್ಲಿ ಶಾಖವಾಗಿರುತ್ತದೆ. ಹಾಫ್ ಕ್ಲಚ್‌ನಲ್ಲಿ ಏರು ಹತ್ತಿಸುವಾಗ ಮೂಗಿಗೆ ಬಡಿಯುವ ಸುಟ್ಟ ವಾಸನೆ ಇದೇ ಲೆಕ್ಕದ್ದು.

ಟ್ರ್ಯಾಕ್ಟರಿನ ಮೂತಿ ಏಳುವುದಕ್ಕೂ ಇಲ್ಲಿ ಸಂಬಂಧವಿದೆ. ಗಾಲಿ ನೆಲವನ್ನು ಹಿಂದಕ್ಕೆ ನೂಕುವುದು ಕೆಳಗೆ, ಗಾಡಿಯ ತೂಕದ ಕೇಂದ್ರ ಇರುವುದು ಮೇಲೆ. ಹೀಗಾಗಿ ಗಾಡಿ ಹಿಂದಕ್ಕೆ ವಾಲುತ್ತದೆ. 1,700 ಕೆ.ಜಿ.ಯ ಕಾರು ಜೋರಾಗಿ ಜಿಗಿದಾಗ ಸುಮಾರು 250 ಕೆ.ಜಿ. ಭಾರ ಮುಂದಿನ ಗಾಲಿಗಳಿಂದ ಹಿಂದಿನವಕ್ಕೆ ಸರಿಯುತ್ತದೆ. ಎಳೆಯುವ ಗಾಲಿ ಹಿಂದಿರುವ ಕಾರಿಗೆ ಅದು ವರ. ಲೋಡು ಟ್ರೇಲರನ್ನು ಎಳೆಯುವ ಟ್ರ್ಯಾಕ್ಟರಿಗೆ ಅದೇ ವರ ಅತಿಯಾದರೆ ಪ್ರಾಣಕ್ಕೇ ಕುತ್ತು.

ಡ್ರ್ಯಾಗ್ ಓಟ ಶುರುವಾಗುವ ಗೆರೆಯಲ್ಲಿ 1963ರಿಂದ ‘ಕ್ರಿಸ್‌ಮಸ್ ಟ್ರೀ’ ಎಂಬ ದೀಪದ ಕಂಬವಿದೆ. ಮೂರು ಹಳದಿ ದೀಪ, ಆಮೇಲೆ ಹಸಿರು. ಓಟದ ಸಮಯ ಎಣಿಕೆಯಾಗುವುದು ಹಸಿರು ಹತ್ತಿದಾಗಲ್ಲ, ಮುಂದಿನ ಗಾಲಿ ಬೆಳಕಿನ ಗೆರೆ ದಾಟಿದಾಗ. ಮೊದಲ 60 ಅಡಿಯ ಸಮಯವನ್ನು ಬೇರೆಯಾಗಿ ಅಳೆಯುತ್ತಾರೆ. ಅಲ್ಲಿ ಉಳಿಸಿದ ಹತ್ತನೇ ಒಂದು ಸೆಕೆಂಡು ಕೊನೆಗೆ ಒಂದೂವರೆ ಪಟ್ಟಾಗಿ ಸಿಗುತ್ತದೆ ಎಂಬುದು ರೇಸಿನವರ ಅಂದಾಜು. ಮೇಲಿನ ಗೇರುಗಳಲ್ಲಿ ಎಷ್ಟೇ ಚುರುಕಾದರೂ ಅಷ್ಟನ್ನು ಮರಳಿ ಗಳಿಸುವುದು ಕಷ್ಟ.

ಡ್ರ್ಯಾಗ್ ಓಟದ ಹಾದಿಗೆ ಅಂಟು ಬಳಿದಿರುತ್ತಾರೆ, ಎರಡೂ ಕಡೆ ತಡೆಗೋಡೆ ಇರುತ್ತದೆ, ಆಂಬುಲೆನ್ಸ್ ಕಾದು ನಿಂತಿರುತ್ತದೆ. ನಮ್ಮ ರಸ್ತೆಗಳ ಮೇಲೆ ಸುಗ್ಗಿಯಲ್ಲಿ ಮೆಕ್ಕೆಜೋಳ ಹರವಿರುತ್ತದೆ, ಪಕ್ಕದಲ್ಲಿ ಅದನ್ನು ಕಾಯುವವರು ಕೂತಿರುತ್ತಾರೆ. ತಮ್ಮಂದಿರೇ, ಕ್ಲಚ್ಚಿನ ವಿದ್ಯೆ ಕಲಿಯಬೇಕೆನಿಸಿದರೆ ಖಾಲಿ ಹೊಲದಲ್ಲಿ, ಖಾಲಿ ಟ್ರೇಲರ್ ಕಟ್ಟಿಕೊಂಡು, ಪಳಗಿದ ಡ್ರೈವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಯಿರಿ.