ಎತ್ತಿನ ಗಾಡಿಗೆ ಎಂಟು, ಲೇಔಟಿಗೆ ಎಷ್ಟು?

ಹಾಸನ ಜಿಲ್ಲೆಯ ಹಿರೀಸಾವೆಯ ಅಂಚಿನ ತೆಂಗಿನ ತೋಟವೊಂದರ ಬದಿಯಲ್ಲಿ, ಟ್ರ್ಯಾಕ್ಟರ್ ಬಾನೆಟ್ ಮೇಲೆ ಲೇಔಟ್ ನಕ್ಷೆಯ ಜೆರಾಕ್ಸ್ ಹರಡಿತ್ತು. ಗಾಳಿಗೆ ಹಾರದಂತೆ ನಾಲ್ಕಾರು ಕೈಗಳು ಅದನ್ನು ಒತ್ತಿ ಹಿಡಿದಿದ್ದವು. ಸಾಲಾಗಿ 30x40 ಸೈಟುಗಳು, ನಡುವೆ 30 ಅಡಿ ರಸ್ತೆಗಳು, ಮೂಲೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗ. ಪಕ್ಕದ ಜಮೀನಿನ ಹಿರಿಯರೊಬ್ಬರು ಲೇಔಟ್ ರಸ್ತೆ ಊರಿನ ರಸ್ತೆಗೆ ಸೇರುವ ಬಾಯಿಯ ಮೇಲೆ ಬೆರಳಿಟ್ಟರು. ‘ಮನೆ ಕಟ್ಲಿ ಕಣಪ್ಪ, ಬ್ಯಾಡ ಅನ್ನಕೆ ನಾವ್ಯಾರು? ಆದ್ರೆ ಇಷ್ಟು ಮನೇರ ಗಾಡಿ ಎಲ್ ನಿಂತ್ಕತವೆ? ನಮ್ ಟ್ರ್ಯಾಕ್ಟ್ರು ಯಾವ್ ಕಡೆಯಿಂದ ಓಗ್ಬೇಕು?’

ಆ ನಕ್ಷೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಊರಿಗೆ ಮನೆ ಬೇಕು ಎನ್ನುವುದರಲ್ಲಿ ಅಲ್ಲಿ ಯಾರಿಗೂ ತಕರಾರಿಲ್ಲ. ತಕರಾರಿರುವುದು ರಸ್ತೆಯ ಲೆಕ್ಕದ ಬಗ್ಗೆ.

ಲೆಕ್ಕ ಸರಳ. 30 ಅಡಿ ಎಂದರೆ ಸುಮಾರು 9 ಮೀಟರ್. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಜಾಗ ಬೇಕೆಂಬುದು ಸಾಮಾನ್ಯ ಅಳತೆ. ರಸ್ತೆಯ ಎರಡೂ ಬದಿಗೆ ಕಾರು ನಿಂತರೆ ನಡುವೆ ಉಳಿಯುವುದು 4 ಮೀಟರ್. ಅದರಲ್ಲೇ ಚರಂಡಿ, ಕರೆಂಟ್ ಕಂಬ ಕಳೆಯಬೇಕು. ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್‌ಗೆ ಹಾಲಿನ ವ್ಯಾನ್ ಎದುರಾದರೆ ಒಬ್ಬರು ಹಿಂದೆ ಸರಿಯಲೇಬೇಕು. ಟ್ರೈಲರ್ ಕಟ್ಟಿಕೊಂಡು ರಿವರ್ಸ್ ಹೋಗುವುದೆಂದರೇನು ಎಂದು ಓಡಿಸಿದವರನ್ನೇ ಕೇಳಿ.

ಈ ಲೆಕ್ಕದ ಜಾಡು ಹಿಡಿದು ಹೋದಾಗ ಕಣ್ಣಿಗೆ ಬಿದ್ದ ಅಂಕಿಯೊಂದು ಈಗಲೂ ನನ್ನನ್ನು ಬಿಟ್ಟಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಗ್ರಾಮೀಣ ರಸ್ತೆಗಳ ಸಾಮರ್ಥ್ಯದ ಬಗ್ಗೆ ಹೊರತಂದ ಮಾರ್ಗಸೂಚಿಯಲ್ಲಿ ಪ್ರತಿ ವಾಹನವನ್ನೂ ಕಾರಿನ ಲೆಕ್ಕಕ್ಕೆ ಇಳಿಸಿದ ಪಟ್ಟಿಯಿದೆ. ಕಾರು ಒಂದು. ಬೈಕು ಅರ್ಧ. ಬಸ್ಸು, ಲಾರಿ ಮೂರು. ಟ್ರೈಲರ್ ಸಮೇತ ಟ್ರ್ಯಾಕ್ಟರ್ ನಾಲ್ಕೂವರೆ. ತಳ್ಳುಗಾಡಿ ಮೂರು. ಕುದುರೆ ಗಾಡಿ ನಾಲ್ಕು. ಎತ್ತಿನ ಗಾಡಿಗೆ ಎಷ್ಟು ಗೊತ್ತೇ? ಎಂಟು! ಚಿಕ್ಕ ಗಾಡಿಯಾದರೆ ಆರು ಸಾಕು ಎಂಬ ಸೂಚನೆ ಬೇರೆ. ರಸ್ತೆಯ ಮೇಲಿನ ಹೊರೆ ವಾಹನದ ಗಾತ್ರದಿಂದಷ್ಟೇ ಹುಟ್ಟುವುದಿಲ್ಲ. ಅದರ ನಿಧಾನ, ಹಿಂದಿನವರು ದಾಟಲಾಗದೆ ಕಾಯುವ ಹೊತ್ತು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಎಂಜಿನಿಯರುಗಳು ಹಳ್ಳಿಯ ದಾರಿಯನ್ನು ಕಣ್ಣಾರೆ ಕಂಡು ಬರೆದ ಪಟ್ಟಿ ಇದು ಎಂದು ನನಗೆ ಖುಷಿಯಾಯಿತು. ಹಳ್ಳಿಕಾರ್ ಎತ್ತುಗಳ ಸೀಮೆಯಿದು, ಬೂಕನಬೆಟ್ಟದ ರಾಸುಗಳ ಜಾತ್ರೆ ಇದೇ ಹೋಬಳಿಯದು. ಇಲ್ಲಿ ಗಾಡಿಗೆ ಎಂಟು ಎಂದು ಬರೆದವರ ಮೇಲೆ ಗೌರವ ಮೂಡದಿರುತ್ತದೆಯೇ?

ಇದೇ ಪಟ್ಟಿಯನ್ನು ಲೇಔಟಿಗೆ ಹಚ್ಚಿ ನೋಡಿ. ನೂರು ಮನೆ, ಮನೆಗೊಂದು ಕಾರು, ಒಂದು ಬೈಕು ಎಂದುಕೊಳ್ಳೋಣ. ಒಟ್ಟು 150. ಅಂದರೆ ಮೂವತ್ತಮೂರು ಟ್ರೈಲರ್ ಟ್ರ್ಯಾಕ್ಟರ್‌ಗಳ ಹೊರೆ! ಅದರಲ್ಲಿ ಅರ್ಧದಷ್ಟು ಬೆಳಿಗ್ಗೆ ಒಂದೇ ಹೊತ್ತಿಗೆ, ಡೈರಿಗೆ ಹಾಲು ಹಾಕಿ ಬರುವವರ ಮತ್ತು ಶಾಲೆಗೆ ಹೋಗುವ ಮಕ್ಕಳ ನಡುವೆ, ಆ ಒಂದೇ ಬಾಯಿಯಿಂದ ಹೊರಬರಬೇಕು.

ಊರಿಗೆ ಲೇಔಟುಗಳು ಬಂದ ಬಗೆ ಓದುಗರಿಗೆ ಗೊತ್ತಿರುವುದೇ. ಬೆಂಗಳೂರು–ಮಂಗಳೂರು ಹೆದ್ದಾರಿ ಇಲ್ಲಿ ನಾಲ್ಕು ಪಥವಾಯಿತು. 2017ರಲ್ಲಿ ಬೆಂಗಳೂರು–ಹಾಸನ ರೈಲು ಶುರುವಾಗಿ ಹಿರೀಸಾವೆಗೂ ನಿಲ್ದಾಣ ಬಂತು. ಮರುವರ್ಷ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ. ಬೆಂಗಳೂರಿನಿಂದ ಹೋಗುವವರು ಹೆದ್ದಾರಿ ಬಿಟ್ಟು ತಿರುಗುವುದು ಇಲ್ಲೇ. ಆ ಉತ್ಸವಕ್ಕೆಂದು ಎದ್ದ ಕೆಲವೇ ವಾರಗಳ ಉಪನಗರಗಳಿಗೆ ಪಾರ್ಕಿಂಗ್ ಎಲ್ಲಿ, ದಾರಿ ಯಾವುದು ಎಂದು ಆಗ ಮೊದಲೇ ಯೋಜಿಸಲಾಗಿತ್ತು. ತಲೆಮಾರುಗಳ ಕಾಲ ಜನ ಬದುಕುವ ಬಡಾವಣೆಗೆ ಅಷ್ಟು ಮುಂದಾಲೋಚನೆ ಬೇಡವೇ?

ಕಾನೂನು ದೊಡ್ಡವರನ್ನು ಕೇಳುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಅಥವಾ ಅದಕ್ಕೂ ಹೆಚ್ಚಿನ ನಿರ್ಮಿತ ವಿಸ್ತೀರ್ಣದ ಕಟ್ಟಡ ಯೋಜನೆಗಳು ಅನುಮತಿ ಪಡೆಯುವಾಗ ಸಂಚಾರದ ವಿಷಯಕ್ಕೂ ಉತ್ತರಿಸಬೇಕು. ಹೋಬಳಿ ಮಟ್ಟದ ಸಣ್ಣ ಲೇಔಟುಗಳು ಆ ಮಿತಿಯ ಕೆಳಗೇ ಉಳಿಯುತ್ತವೆ. ಒಂದರ ಪಕ್ಕ ಒಂದು ಎದ್ದಾಗ ಅವುಗಳ ಒಟ್ಟು ಹೊರೆಯನ್ನು ಕೂಡಿಸುವವರಿಲ್ಲ.

ಆಮೇಲೆ ನೋಡಿಕೊಳ್ಳೋಣ ಎಂದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಮನೆ ಮುಂದಿನ ರಸ್ತೆಯೆಲ್ಲ ಕಾರುಗಳಿಂದ ತುಂಬಿದ ಮೇಲೆ, 2021ರಲ್ಲಿ ಅಲ್ಲಿಗೆ ‘ಪಾರ್ಕಿಂಗ್ ನೀತಿ 2.0’ ಬಂತು. ವಸತಿ ರಸ್ತೆಯಲ್ಲಿ ಕಾರು ನಿಲ್ಲಿಸಲು ವಾರ್ಷಿಕ ಪರವಾನಗಿ, ಅದಕ್ಕೆ ಶುಲ್ಕ ಎಂಬ ಯೋಚನೆ ಅದರಲ್ಲಿತ್ತು. ಜಪಾನ್ 1962ರಲ್ಲೇ ಕಾರು ಇಡಲು ಜಾಗವಿದೆಯೆಂದು ತೋರಿಸಬೇಕೆಂಬ ಕಾನೂನು ಮಾಡಿತು. ಹಿರೀಸಾವೆಗೆ ಅಷ್ಟು ದೂರದ ನಿಯಮ ಬೇಕಿಲ್ಲ. ಇಲ್ಲಿ ಇನ್ನೂ ಕಲ್ಲು ನೆಡುವ ಹಂತ. ಈಗ ಕೇಳಿದರೆ ಖರ್ಚಿಲ್ಲದೆ ಸರಿಹೋಗುವುದು, ಮನೆ ಎದ್ದ ಮೇಲೆ ಯಾವ ಖರ್ಚಿಗೂ ಸರಿಹೋಗದು.

ಆದ್ದರಿಂದ ಗ್ರಾಮಸಭೆಯಲ್ಲಿ ಊರಿನವರು ಮೂರು ಮಾತು ಪಟ್ಟು ಹಿಡಿದು ಕೇಳಬೇಕು. ಪ್ರತಿ ಸೈಟಿನ ಒಳಗೇ ಗಾಡಿಗೆ ಜಾಗ ಬಿಡಬೇಕು. ಲೇಔಟಿಗೆ ಎರಡನೇ ದಾರಿ ಇರಬೇಕು. ಮಂಜೂರಾತಿಗೆ ಮುನ್ನ ಒಂದು ಕೆಲಸದ ದಿನ, ಒಂದು ಜಾತ್ರೆಯ ದಿನ, ರಸ್ತೆಯ ಬಾಯಲ್ಲಿ ನಿಂತು ಟ್ರ್ಯಾಕ್ಟರ್, ಹಾಲಿನ ವ್ಯಾನ್, ಬೈಕು, ಎತ್ತಿನ ಗಾಡಿ ಎಲ್ಲವನ್ನೂ ಎಣಿಸಿ, ಆ ಅಂಕಿಯನ್ನು ನಕ್ಷೆಯ ಮೇಲೇ ಬರೆಯಬೇಕು. ಅಂಕಿ ಬರೆಯದ ನಕ್ಷೆಗೆ ಸಹಿ ಬೀಳಬಾರದು.