ಲೈಟ್ ಉರಿಯುತ್ತದೆ, ಹಾರ್ನ್ ಹೊಡೆಯುತ್ತದೆ, ಕಾರು ಮಾತ್ರ ಸ್ಟಾರ್ಟ್ ಆಗಲ್ಲ: ಹಾಗಾದರೆ ಬ್ಯಾಟರಿ ಸರಿ ಇದೆ ಅಂತಲೇ?

‘ಹೆಡ್‌ಲೈಟ್ ಉರಿಯುತ್ತಿದ್ದರೆ ಬ್ಯಾಟರಿ ಚೆನ್ನಾಗಿದೆ ಎಂದರ್ಥ. ಆದರೂ ಕಾರು ಸ್ಟಾರ್ಟ್ ಆಗದಿದ್ದರೆ ಸ್ಟಾರ್ಟರ್ ಮೋಟಾರ್ ಹೋಗಿದೆ.’ ಕಾರು ಇಟ್ಟುಕೊಂಡಿರುವ ಬಹಳ ಜನ ನಂಬಿರುವ ಮಾತಿದು. ಆದರೆ ಇದು ನಿಜವಲ್ಲ. ಇದನ್ನು ನಂಬಿ, ಚೆನ್ನಾಗಿರುವ ಸ್ಟಾರ್ಟರ್ ಬಿಚ್ಚಿಸಿ ಸಾವಿರಾರು ರೂಪಾಯಿ ಖರ್ಚು ಮಾಡುವ ಮೊದಲು ಇದನ್ನು ಓದಿ.

ಲೈಟಿಗೆ ಎಷ್ಟು ಕರೆಂಟ್ ಬೇಕು? ಸ್ಟಾರ್ಟರ್‌ಗೆ ಎಷ್ಟು?

ಕಾರಿನ ಒಳಗಿನ ಚಿಕ್ಕ ದೀಪಕ್ಕೆ ಅರ್ಧ ಆಂಪಿಯರ್ ಕೂಡ ಬೇಕಿಲ್ಲ. 55 ವ್ಯಾಟ್‌ನ ಎರಡು ಹೆಡ್‌ಲೈಟ್ ಬಲ್ಬ್‌ಗಳಿಗೆ ಸುಮಾರು 9 ಆಂಪಿಯರ್ ಸಾಕು. ಆದರೆ ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್‌ಗೆ ಸಾಮಾನ್ಯ ಪೆಟ್ರೋಲ್ ಕಾರಿನಲ್ಲೂ 100ಕ್ಕಿಂತ ಹೆಚ್ಚು ಆಂಪಿಯರ್ ಬೇಕು. ಡೀಸೆಲ್ ಕಾರಿಗೆ ಇನ್ನೂ ಹೆಚ್ಚು.

ಹಳ್ಳಿಯಲ್ಲಿ ವೋಲ್ಟೇಜ್ ಕಡಿಮೆ ಇದ್ದಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ಮನೆಯ ಬಲ್ಬ್ ಉರಿಯುತ್ತದೆ, ಪಂಪ್‌ಸೆಟ್ ಮಾತ್ರ ಎತ್ತಿಕೊಳ್ಳುವುದಿಲ್ಲ. ಇಲ್ಲೂ ಅದೇ ಕಥೆ.

ಬ್ಯಾಟರಿ ಹೊಸದು, ಆದರೂ ಯಾಕೆ?

ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ, ಕ್ಲ್ಯಾಂಪ್ ಸಡಿಲವಾಗಿದ್ದರೆ, ಅಲ್ಲಿ ಕರೆಂಟಿಗೆ ತಡೆ ಉಂಟಾಗುತ್ತದೆ. ಆ ತಡೆ ಬರೀ 0.05 ಓಮ್ ಎಂದುಕೊಳ್ಳಿ. ಹೆಡ್‌ಲೈಟ್ ಎಳೆಯುವ 9 ಆಂಪಿಯರ್‌ಗೆ ಅರ್ಧ ವೋಲ್ಟ್‌ನಷ್ಟೂ ನಷ್ಟವಾಗುವುದಿಲ್ಲ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಅದೇ ದಾರಿಯಲ್ಲಿ 100 ಆಂಪಿಯರ್ ಹರಿಯಬೇಕಾದರೆ 5 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. 12 ವೋಲ್ಟ್‌ನಲ್ಲಿ 5 ಹೋದರೆ ಮೋಟಾರ್ ತಿರುಗುವುದು ಹೇಗೆ?

ನೀವೇ ಮಾಡಬಹುದಾದ ಪರೀಕ್ಷೆ

ಗೇರ್ ನ್ಯೂಟ್ರಲ್‌ಗೆ ಹಾಕಿ (ಆಟೋಮ್ಯಾಟಿಕ್ ಆದರೆ ‘ಪಾರ್ಕ್’), ಹ್ಯಾಂಡ್‌ಬ್ರೇಕ್ ಎಳೆಯಿರಿ. ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಬೆಳಕನ್ನು ನೋಡಿ, ಶಬ್ದ ಕೇಳಿ.

1. ಬೆಳಕು ತೀರಾ ಮಂಕಾದರೆ ಅಥವಾ ‘ಟಕ ಟಕ ಟಕ’ ಎಂದು ಬೇಗ ಬೇಗ ಶಬ್ದ ಬಂದರೆ: ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸರಿಯಾಗಿ ಕೂತಿಲ್ಲ. ಸ್ವಿಚ್ ಎಳೆದುಕೊಂಡ ಕೂಡಲೇ ವೋಲ್ಟೇಜ್ ಕುಸಿದು ಬಿಟ್ಟುಬಿಡುತ್ತದೆ, ಮತ್ತೆ ಎಳೆಯುತ್ತದೆ. ಆ ಶಬ್ದ ಅದರದ್ದೇ.

2. ಬೆಳಕು ಹಾಗೇ ಇದ್ದು ಒಂದೇ ಒಂದು ‘ಟಕ್’ ಬಂದರೆ: ಸ್ಟಾರ್ಟರ್ ಅಥವಾ ಅದರ ಸೊಲೆನಾಯ್ಡ್ ಮೇಲೆ ಅನುಮಾನ ಪಡಬಹುದು.

3. ಬೆಳಕು ಹಾಗೇ ಇದ್ದು ಶಬ್ದವೇ ಇಲ್ಲದಿದ್ದರೆ: ಕ್ಲಚ್ ಪೂರ್ತಿ ಒತ್ತಿ ನೋಡಿ. ಆಟೋಮ್ಯಾಟಿಕ್ ಆದರೆ ಬ್ರೇಕ್ ಒತ್ತಿ, ಗೇರ್ ನ್ಯೂಟ್ರಲ್‌ಗೆ ಬದಲಿಸಿ ನೋಡಿ. ಆಗಲೂ ಆಗದಿದ್ದರೆ ರಿಲೇ, ಫ್ಯೂಸ್, ಇಗ್ನಿಷನ್ ಸ್ವಿಚ್ ಪರೀಕ್ಷಿಸಬೇಕು.

4. ಎಂಜಿನ್ ಎಂದಿನ ವೇಗದಲ್ಲಿ ತಿರುಗುತ್ತಿದ್ದರೂ ಹತ್ತಿಕೊಳ್ಳದಿದ್ದರೆ: ಬ್ಯಾಟರಿ, ಸ್ಟಾರ್ಟರ್ ಎರಡೂ ಸರಿ ಇವೆ. ಇಂಧನ, ಸ್ಪಾರ್ಕ್ ಅಥವಾ ಕಳ್ಳತನ ತಡೆಯುವ ಇಮೊಬಿಲೈಸರ್ ಕಡೆ ನೋಡಬೇಕು. ಡ್ಯಾಶ್‌ಬೋರ್ಡ್‌ನಲ್ಲಿ ಕೀ ಚಿಹ್ನೆ ಮಿನುಗುತ್ತಿದ್ದರೆ ಇನ್ನೊಂದು ಕೀ ಬಳಸಿ ನೋಡಿ.

ಮಲ್ಟಿಮೀಟರ್ ಇದ್ದರೆ

ಕಾರು ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12ಕ್ಕಿಂತ ಕಡಿಮೆ ಇದ್ದರೆ ಹೆಚ್ಚುಕಡಿಮೆ ಖಾಲಿ. ಆದರೆ ಮುಖ್ಯವಾದ ಅಳತೆ ಸ್ಟಾರ್ಟ್ ಮಾಡುವಾಗಿನದು. ಆಗ 9.6 ವೋಲ್ಟ್‌ಗಿಂತ ಕೆಳಗಿಳಿದರೆ ಸಾಮಾನ್ಯವಾಗಿ ಬ್ಯಾಟರಿ ದುರ್ಬಲವಾಗಿದೆ ಎಂದು ತಿಳಿಯಬಹುದು. ಕಾರು ಸ್ಟಾರ್ಟ್ ಆದ ಮೇಲೆ ಸುಮಾರು 13.5ರಿಂದ 14.5 ವೋಲ್ಟ್ ಇರಬೇಕು. ಇಲ್ಲದಿದ್ದರೆ ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡುತ್ತಿಲ್ಲ. ಹೊಸ ಬ್ಯಾಟರಿ ಹಾಕಿಸಿದರೂ ಅದು ಬೇಗ ಇಳಿದುಹೋಗುತ್ತದೆ.

ಇದನ್ನು ಮಾತ್ರ ಮಾಡಬೇಡಿ

ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರಬಹುದು, ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ. ಹತ್ತಿರ ಬೀಡಿ, ಸಿಗರೇಟ್, ಬೆಂಕಿಕಡ್ಡಿ ಬೇಡ. ಬೇರೆ ಕಾರಿನಿಂದ ಜಂಪ್ ಮಾಡುವಾಗ ಪ್ಲಸ್‌ಗೆ ಮೈನಸ್ ಕೇಬಲ್ ತಗುಲಿಸಬೇಡಿ. ಕೊನೆಯ ಕಪ್ಪು ಕ್ಲಿಪ್ಪನ್ನು ಇಳಿದ ಬ್ಯಾಟರಿಗೆ ಹಾಕದೆ, ಅದರಿಂದ ದೂರದಲ್ಲಿ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ ಹಾಕಿ. ಸ್ಕ್ರೂಡ್ರೈವರ್‌ನಿಂದ ಸ್ಟಾರ್ಟರ್ ಶಾರ್ಟ್ ಮಾಡುವ ವಿಡಿಯೋಗಳನ್ನು ಅನುಕರಿಸಬೇಡಿ: ಗೇರ್‌ನಲ್ಲಿದ್ದ ಕಾರು ಮೇಲೇ ಹರಿಯಬಹುದು. ಇಂದಿನ ಆಟೋಮ್ಯಾಟಿಕ್ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲು ಆಗುವುದಿಲ್ಲ.

ಕೊನೆಗೆ ಸತ್ಯ ಏನು?

ಲೈಟ್ ಉರಿಯುವುದು ಬ್ಯಾಟರಿಯಲ್ಲಿ ಸ್ವಲ್ಪ ಕರೆಂಟ್ ಇದೆ ಎಂದಷ್ಟೇ ಹೇಳುತ್ತದೆ. ಸ್ಟಾರ್ಟರ್ ಎಳೆಯುವಾಗ ಆ ಬೆಳಕು ಏನಾಗುತ್ತದೆ ಎಂಬುದೇ ನಿಜವಾದ ಪರೀಕ್ಷೆ. ಮೆಕ್ಯಾನಿಕ್‌ಗೆ ಫೋನ್ ಮಾಡಿದಾಗ ‘ಸ್ಟಾರ್ಟ್ ಆಗ್ತಿಲ್ಲ’ ಎಂದಷ್ಟೇ ಹೇಳದೆ, ಬೆಳಕು ಮಂಕಾಯಿತೋ ಇಲ್ಲವೋ, ಯಾವ ಶಬ್ದ ಬಂತು ಎಂಬುದನ್ನೂ ಹೇಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.